ನಾಲಗೆಗೂ ಎಂಟೆದೆ ಬೇಕು

ನಮ್ಮ ಕಡೆ ಉಂಡು ಕೈ ತೊಳೆದವರನ್ನು ‘ಊಟ ಹ್ಯಾಂಗಿತ್ರಿ?’ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಛಲೋ ಇತ್ರಿ.’ ಸಾರಿಗೆ ಉಪ್ಪು ಎರಡು ಸಲ ಬಿದ್ದಿರಲಿ, ಹೋಳಿಗೆಯ ಹೂರಣ ಅರೆಬೆಂದಿರಲಿ, ಉತ್ತರ ಬದಲಾಗುವುದಿಲ್ಲ. ಅನ್ನಕ್ಕೆ ಹೆಸರಿಡಬಾರದು ಎಂಬುದು ಹಿರಿಯರು ಹಾಕಿಕೊಟ್ಟ ರೂಢಿ. ಹೆಸರಿಡುವುದು ಅಂದರೆ ಇಲ್ಲಿ ನಾಮಕರಣವಲ್ಲ, ತಪ್ಪು ತೆಗೆಯುವುದು. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದ ಹುಡುಗನೊಬ್ಬ, ಜಮಖಂಡಿಯಲ್ಲಿ ಡಿಗ್ರಿ ಓದುತ್ತಿರುವವನು, ಚಾದಂಗಡಿಯಲ್ಲಿ ಪಕ್ಕಕ್ಕೆ ಬಂದು ಕುಳಿತು ಕೇಳಿದ: ‘ಸರ್, ಫುಡ್ ಕ್ರಿಟಿಕ್ ಆಗಾಕ ಏನ್ ಓದಬೇಕ್ರಿ?’

ಅನ್ನಕ್ಕೆ ಹೆಸರಿಡುವುದನ್ನೇ ಕಸುಬು ಮಾಡಿಕೊಳ್ಳಲು ಏನು ಅರ್ಹತೆ ಬೇಕು ಎಂದು ಅವನ ಪ್ರಶ್ನೆ. ಅವನಿಗೆ ಅಲ್ಲಿ ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಇಲ್ಲಿದೆ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮೊಬೈಲ್ ಹಿಡಿದು ಮಿರ್ಚಿ ಭಜಿಯ ರೀಲ್ಸ್ ಮಾಡುತ್ತಿರುವ ಅವನ ಓರಗೆಯವರಿಗೂ ಉಪಯೋಗವಾದೀತು.

ಮೊದಲು ನೇರ ಸಂಗತಿ. ವಕೀಲರಿಗೆ ಸನದು ಬೇಕು, ವೈದ್ಯರಿಗೆ ನೋಂದಣಿ ಬೇಕು. ಆಹಾರ ವಿಮರ್ಶಕರಿಗೆ ಅಂಥದ್ದೇನೂ ಇಲ್ಲ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಪರವಾನಗಿ ಕೊಡುವ ಮಂಡಳಿ ಇಲ್ಲ, ಕಡ್ಡಾಯ ಪದವಿಯೂ ಇಲ್ಲ. ಬಾಗಿಲಿಗೆ ಬೀಗವಿಲ್ಲದ ಮನೆ ಇದು. ಅದಕ್ಕೇ ಯಾರು ಬೇಕಾದರೂ ಒಳಗೆ ಬರುತ್ತಾರೆ, ಬಹಳ ಜನ ಬೇಗ ಹೊರಗೂ ಹೋಗುತ್ತಾರೆ.

ನಿಂತವರು ಯಾರು, ಎಲ್ಲಿಂದ ಬಂದರು ಎಂದು ನೋಡಿದರೆ ತಮಾಷೆಯಾಗಿದೆ. ಅಮೆರಿಕದ ಜೊನಾಥನ್ ಗೋಲ್ಡ್ ಓದಿದ್ದು ಸಂಗೀತ, ನುಡಿಸುತ್ತಿದ್ದದ್ದು ಚೆಲ್ಲೊ. ಲಾಸ್ ಏಂಜಲೀಸಿನ ಒಂದು ವಾರಪತ್ರಿಕೆಗೆ ಸೇರಿದ್ದು ಕರಡು ತಿದ್ದಲು. 2007ರಲ್ಲಿ ವಿಮರ್ಶೆಗೆ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಆಹಾರ ವಿಮರ್ಶಕ ಆತ. ಬರೆದದ್ದು ಹೆಚ್ಚಾಗಿ ದೂರದೇಶಗಳಿಂದ ಬಂದವರು ನಡೆಸುವ ಸಣ್ಣ ಸಣ್ಣ ಊಟದ ಮನೆಗಳ ಬಗ್ಗೆ. ಅದಕ್ಕೂ ಮೊದಲು, 1957ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸೇರಿದ ಕ್ರೇಗ್ ಕ್ಲೇಬೋರ್ನ್ ಮಾತ್ರ ಸ್ವಿಟ್ಜರ್ಲೆಂಡಿನ ಹೋಟೆಲ್ ಶಾಲೆಯಲ್ಲಿ ಕಲಿತು ಬಂದವರು. ನಮ್ಮವರೇ ಆದ ಕೆ.ಟಿ. ಅಚ್ಚಯ್ಯ 1923ರಲ್ಲಿ ಕೊಳ್ಳೇಗಾಲದಲ್ಲಿ ಹುಟ್ಟಿದವರು. ವೃತ್ತಿಯಿಂದ ಎಣ್ಣೆಗಳ ರಸಾಯನಶಾಸ್ತ್ರಜ್ಞರು. ಅವರು ವಿಮರ್ಶಕರಲ್ಲ, ಇತಿಹಾಸಕಾರರು. ಆದರೆ ಭಾರತದ ಊಟದ ಬಗ್ಗೆ 1994ರಲ್ಲಿ ಅವರು ತಂದ ಇಂಗ್ಲಿಷ್ ಗ್ರಂಥವನ್ನು ಓದದೆ ಇವತ್ತು ಯಾರೂ ಇಡ್ಲಿಯ ಹುಟ್ಟಿನ ಬಗ್ಗೆ ಬಾಯಿ ತೆರೆಯುವುದಿಲ್ಲ. ಇನ್ನೂ ಹಿಂದೆ ಹೋದರೆ ನಮ್ಮ ಸೀಮೆಯನ್ನೆಲ್ಲ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಸಿಗುತ್ತಾನೆ. 1129ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ ಎಂಬ ಭಾಗವೇ ಇದೆ. ಅವನ ಅರ್ಹತೆ ಅರಸೊತ್ತಿಗೆ. ಅದು ನಮಗೆ ದಕ್ಕುವಂಥದ್ದಲ್ಲ, ಬಿಡಿ.

ಮುಧೋಳದವರಿಗೆ ಬೇರೊಬ್ಬರ ಉದಾಹರಣೆ ಬೇಕಿಲ್ಲ. ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ ಕವಿಚಕ್ರವರ್ತಿಯಾದದ್ದು ಅವರ ಊರಿಂದಲೇ. ತನ್ನ ಕೃತಿಯನ್ನು ಪರೀಕ್ಷಿಸಲು ಬರುವವನಿಗೆ ಎಂಟೆದೆ ಇದೆಯೇ ಎಂದು ಸವಾಲು ಹಾಕಿದವನೂ ಅವನೇ. ಸಾವಿರ ವರ್ಷದ ಹಿಂದೆ ವಿಮರ್ಶಕನ ಅರ್ಹತೆಯನ್ನು ಒಂದೇ ಮಾತಿನಲ್ಲಿ ಹೇಳಿದ ಹಾಗಾಯಿತು. ಅಡುಗೆಯ ಪರೀಕ್ಷೆಗೂ ಅದೇ ಬೇಕು. ಎದೆ ಸಾಲದವನು ‘ಛಲೋ ಇತ್ರಿ’ ಎಂದು ಎದ್ದುಬಿಡುತ್ತಾನೆ.

ಆದರೆ ಬರೀ ಎದೆ ಇದ್ದರೆ ಜಗಳಗಂಟನಾಗಬಹುದು, ವಿಮರ್ಶಕನಾಗಲಾರ. ಅದಕ್ಕೆ ಮೊದಲು ಕೈ ಕೆಸರಾಗಬೇಕು, ಅಲ್ಲ, ಹಿಟ್ಟಾಗಬೇಕು.

ಮೊದಲ ತರಗತಿ ಒಲೆ ಮುಂದೆ

ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರ ಪಕ್ಕದಲ್ಲಿ ಹದಿನೈದು ದಿನ ಕುಳಿತುಕೊಳ್ಳಿ. ಬರೀ ನೋಡಬೇಡಿ, ಬಡಿಯಿರಿ. ನಿಮ್ಮ ಮೊದಲ ಹತ್ತು ರೊಟ್ಟಿ ನಕಾಶೆಯ ಹಾಗೆ ಬರುತ್ತವೆ, ಅಂಚು ಸೀಳುತ್ತವೆ. ಏಕೆ ಸೀಳುತ್ತವೆ ಎಂಬುದೇ ಪಾಠ. ಗೋಧಿಯಲ್ಲಿ ನಾದಿದಂತೆ ಹಿಗ್ಗುವ ಅಂಟು, ಅಂದರೆ ಗ್ಲುಟನ್, ಇದೆ. ಜೋಳದಲ್ಲಿ ಇಲ್ಲ. ಆದ್ದರಿಂದಲೇ ನಮ್ಮ ಹೆಂಗಸರು ಎಸರು ಕುದಿಸಿ, ಕುದಿನೀರನ್ನು ಹಿಟ್ಟಿನ ನಡುವೆ ಸುರಿದು ನಾದುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಗಂಜಿಯಾಗಿ ಜಿಗುಟು ಬರುತ್ತದೆ. ಆ ಜಿಗುಟೇ ರೊಟ್ಟಿಯನ್ನು ಹಿಡಿದಿಡುವುದು. ಹಿಟ್ಟು ಹಳೆಯದಾದರೆ ಜಿಗುಟು ಇಳಿಯುತ್ತದೆ. ಬೀಸಿ ತಂದ ವಾರದೊಳಗಿನ ಹಿಟ್ಟಿಗೂ ತಿಂಗಳು ದಾಟಿದ ಹಿಟ್ಟಿಗೂ ಇರುವ ಅಂತರ ಅಂಗೈಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ.

ಇದನ್ನು ನಾನು ಕಲಿತದ್ದು ಅವಮಾನದಿಂದ. ಬರವಣಿಗೆ ಶುರು ಮಾಡಿದ ಹೊಸದರಲ್ಲಿ ಒಂದು ಖಾನಾವಳಿಯ ಬಗ್ಗೆ, ಊರಿನ ಹೆಸರು ಬೇಡ, ‘ರೊಟ್ಟಿ ಬಡಿಯುವ ಕೈಗೆ ಹದ ಗೊತ್ತಿಲ್ಲ’ ಎಂದು ಬರೆದೆ. ಅಂಚು ಸೀಳಿದ ರೊಟ್ಟಿ ನೋಡಿ ಬರೆದ ಮಾತು. ಕೆಲವು ದಿನ ಬಿಟ್ಟು ಮತ್ತೆ ಹೋದಾಗ ಆ ತಾಯಿ ಏನೂ ಬಯ್ಯಲಿಲ್ಲ. ಒಳಗೆ ಕರೆದು, ಎರಡು ಬುಟ್ಟಿ ಮುಂದಿಟ್ಟು, ಎರಡರ ಹಿಟ್ಟನ್ನೂ ನಾದಿ, ಎರಡು ರೊಟ್ಟಿ ಬಡಿದು ತೋರಿಸಿದರು. ಒಂದು ಚಂದ್ರನ ಹಾಗೆ ಬಂತು. ಇನ್ನೊಂದು ಸೀಳಿತು. ಕೈ ಅದೇ, ಒಲೆ ಅದೇ. ಆ ವರ್ಷ ಅವರಿಗೆ ಸಿಕ್ಕ ಜೋಳ ಹಾಗಿತ್ತು. ‘ಕೈಗೆ ಹೆಸರಿಟ್ಟಿರಿ, ಕಾಳಿಗೆ ಇಡಬೇಕಾಗಿತ್ತು’ ಅಂದರು. ಅದಾದ ಮೇಲೆ ಕಾಳು ಎಲ್ಲಿಯದು ಎಂದು ಕೇಳದೆ ಒಂದು ಸಾಲನ್ನೂ ಬರೆದಿಲ್ಲ.

ಕಾಳು ಎಲ್ಲಿಯದು ಎಂದು ಕೇಳುತ್ತ ಹೋದರೆ ನಮ್ಮ ಸೀಮೆಯ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ರೊಟ್ಟಿಗೆ ಬೇಕಾದದ್ದು ಹಿಂಗಾರಿಯ ಬಿಳಿಜೋಳ, ಅದರಲ್ಲೂ ಮಾಲದಂಡಿ. ಎರೆಮಣ್ಣಿನ ಹಸಿಯನ್ನೇ ನಂಬಿ ಚಳಿಗಾಲದಲ್ಲಿ ಬೆಳೆಯುವ ಬೆಳೆ ಅದು. ಆದರೆ ಜಮಖಂಡಿ, ಮುಧೋಳಗಳ ನೀರಾವರಿ ಹೊಲಗಳಲ್ಲಿ ಈಗ ಕಾಣುವುದು ಕಬ್ಬು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ಮೈಮುರಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಾಯಿತು. ನೀರು ಬಂತು, ಕಬ್ಬು ಬಂತು, ಕಾರ್ಖಾನೆಗಳು ಬಂದವು, ಜೋಳ ಒಣಬೇಸಾಯದ ಕಡೆಗೆ ಸರಿಯಿತು. ಕಬ್ಬಿನ ಗದ್ದೆಯ ನಡುವಿನ ಖಾನಾವಳಿಯಲ್ಲಿ ಉಣ್ಣುವ ರೊಟ್ಟಿಯ ಜೋಳ ಹೊರಗಿನಿಂದ ಬಂದದ್ದಾಗಿರಬಹುದು. ರೊಟ್ಟಿಯ ದರ ಏಕೆ ಏರಿತು, ರುಚಿ ಏಕೆ ಬದಲಾಯಿತು ಎಂಬುದಕ್ಕೆ ಉತ್ತರ ಅಡುಗೆಮನೆಯಲ್ಲಿಲ್ಲ, ಹೊಳೆಯಲ್ಲಿದೆ. ಬೀಳಗಿಯಲ್ಲಿ ಇದೇ ಕಥೆಯ ಇನ್ನೊಂದು ಮುಖ. ಆಲಮಟ್ಟಿಯ ಹಿನ್ನೀರು ಹೊಳೆಸಾಲಿನ ಊರುಗಳನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿತು. ಅಲ್ಲಿಯ ಹಿರಿಯರ ಜೊತೆ ಊಟದ ಮಾತು ತೆಗೆದು ನೋಡಿ. ಹೊಳೆಯ ಮೆಕ್ಕಲಿನಲ್ಲಿ ಬೆಳೆದ ಬದನೆಕಾಯಿಯ ಎಣ್ಣೆಗಾಯಿ ಬೇರೆಯೇ ಇತ್ತು ಅನ್ನುತ್ತಾರೆ. ಅದನ್ನು ನಾಸ್ಟಾಲ್ಜಿಯಾ ಎಂದು ತಳ್ಳಿಹಾಕಬೇಡಿ. ಮುಳುಗಿದ ಮಣ್ಣಿನ ರುಚಿ ಈಗ ಉಳಿದಿರುವುದು ಅವರ ನಾಲಗೆಯಲ್ಲಿ ಮಾತ್ರ. ಬರೆದಿಡಿ.

ಇಷ್ಟನ್ನೂ ಕಲಿಸುವ ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸು ನನಗೆ ಗೊತ್ತಿಲ್ಲ. ಆದರೂ ಕೋರ್ಸುಗಳ ಮಾತು ಬಂತು, ಹೇಳಿಬಿಡುತ್ತೇನೆ.

ಓದುವುದಾದರೆ

ಎರಡು ದಾರಿ. ಒಂದು ಬರವಣಿಗೆಯ ದಾರಿ: ಕನ್ನಡ, ಇತಿಹಾಸ ಅಥವಾ ಪತ್ರಿಕೋದ್ಯಮದಲ್ಲಿ ಪದವಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಹೆಣ್ಣುಮಕ್ಕಳಿಗಾದರೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೂ ಪತ್ರಿಕೋದ್ಯಮ ವಿಭಾಗವಿದೆ. ಎರಡನೆಯದು ಆಹಾರದ ದಾರಿ. ಪಿಯುಸಿ ನಂತರ ರಾಷ್ಟ್ರಮಟ್ಟದ ಎನ್‌ಸಿಎಚ್‌ಎಂ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್ ಸೇರಬಹುದು. ವಿಜ್ಞಾನ ಓದಿದವರು ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಓದಬಹುದು. ಮೊದಲು ಅದನ್ನು ಗೃಹವಿಜ್ಞಾನ ಅನ್ನುತ್ತಿದ್ದರು, ಗಂಡುಮಕ್ಕಳು ಹೆಸರು ಕೇಳಿ ಓಡುತ್ತಿದ್ದರು. ಹಣ್ಣು-ತರಕಾರಿಯ ಆಸಕ್ತಿಯಿದ್ದವರಿಗೆ ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕಾ ವಿಶ್ವವಿದ್ಯಾಲಯವಿದೆ.

ಒಂದು ಕಿವಿಮಾತು. ಬಾಯಿರುಚಿಗೆ ತಿಂಗಳ ಸಂಬಳ ಕೊಡುವ ಕೆಲಸ ನಿಜಕ್ಕೂ ಇದೆ. ಆದರೆ ಅದು ಪತ್ರಿಕೆಗಳಲ್ಲಿ ಅಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ರುಚಿ ಪರೀಕ್ಷೆಯನ್ನೇ ವಿಜ್ಞಾನವಾಗಿ ನಡೆಸುವ ವಿಭಾಗವಿದೆ, ಆಹಾರ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಇದೆ. ಕಾಫಿ ಮಂಡಳಿ ಕಾಫಿಯ ಗುಣಮಟ್ಟ ಪರೀಕ್ಷೆಗೆಂದೇ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಅಲ್ಲಿ ಕಲಿತವರು ಕಣ್ಣು ಮುಚ್ಚಿ ಲೋಟ ಮೂಸಿ ದರ ಹೇಳುವ ಜನ. ಕನ್ನಡದಲ್ಲಿ ಬರೀ ಹೋಟೆಲ್ ವಿಮರ್ಶೆ ಬರೆದು ಸಂಸಾರ ನಡೆಸುವ ಆಸೆಯಿದ್ದರೆ ಈಗಲೇ ಬಿಡಿ. ಮೇಷ್ಟ್ರ ಕೆಲಸವೋ, ಬ್ಯಾಂಕಿನ ಕೆಲಸವೋ, ಬನಹಟ್ಟಿಯವರಾದರೆ ಮನೆಯ ಮಗ್ಗವೋ ಒಂದು ಕೈಯಲ್ಲಿರಲಿ. ಹಂಗಿಲ್ಲದ ಹೊಟ್ಟೆಯೇ ಹಂಗಿಲ್ಲದ ಮಾತಾಡುತ್ತದೆ.

ನಾಲಗೆಯ ಗರಡಿ

ಒಳ್ಳೆಯ ನಾಲಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಪೈಲವಾನರ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ: ಮೈ ಹುಟ್ಟಿನಿಂದ ಬರುತ್ತದೆ, ಕುಸ್ತಿ ಗರಡಿಯಿಂದ ಬರುತ್ತದೆ.

ಪ್ರಯೋಗಾಲಯಗಳಲ್ಲಿ ಬಳಸುವ ತ್ರಿಕೋನ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಎರಡು ಬಗೆಯ ಬೆಲ್ಲ ತನ್ನಿ. ಒಂದೇ ಅಳತೆಯ ನೀರಿನಲ್ಲಿ ಕರಗಿಸಿ ಸೋಸಿ. ಮೂರು ಲೋಟ ಇಡಿಸಿ, ಎರಡರಲ್ಲಿ ಒಂದು ಬೆಲ್ಲ, ಮೂರನೆಯದರಲ್ಲಿ ಇನ್ನೊಂದು. ಬಣ್ಣ ಕಾಣದಂತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೇರೆಯಾದದ್ದು ಯಾವುದು ಹೇಳಿ. ಪ್ರತಿಸಲ ಲೋಟದ ಜಾಗ ಬದಲಿಸುತ್ತ ಆರು ಸಲ ಮಾಡಿ. ಬರೀ ಅದೃಷ್ಟದ ಮೇಲೆ ಐದು ಅಥವಾ ಆರು ಸಲ ಸರಿ ಹೇಳುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಐದು ಬಂದರೆ ನಿಮ್ಮ ನಾಲಗೆ ಆ ಅಂತರವನ್ನು ನಿಜವಾಗಿ ಹಿಡಿದಿದೆ. ಮೂರು-ನಾಲ್ಕು ಬಂದರೆ ಬೇಸರ ಬೇಡ, ಮುಂದಿನ ವಾರ ಮತ್ತೆ. ಬೆಲ್ಲ ಸಾಕಾದರೆ ಶೇಂಗಾ ಎಣ್ಣೆ, ಮೊಸರು, ಮಸಾಲಿ ಖಾರ.

ಮೂಗಿನ ಪಾಠ ಇನ್ನೂ ಸುಲಭ. ಮೂಗು ಬಿಗಿಹಿಡಿದು ಜೀರಿಗೆ ಅಗಿಯಿರಿ: ಏನೋ ಕಡ್ಡಿ ಅಗಿದಂತೆ. ಮೂಗು ಬಿಡಿ: ಜೀರಿಗೆ ಬಂದೇಬಿಟ್ಟಿತು. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆಯದೇ. ನೆಗಡಿಯಾದಾಗ ವಿಮರ್ಶೆ ಬರೆಯಬಾರದು. ಗುಟ್ಕಾ, ತಂಬಾಕು ಹಾಕುವವರು ಒಂದೋ ಅದನ್ನು ಬಿಡಬೇಕು, ಇಲ್ಲವೇ ಈ ಆಸೆಯನ್ನು ಬಿಡಬೇಕು. ನಮ್ಮ ಬಸ್‌ಸ್ಟ್ಯಾಂಡುಗಳ ಗೋಡೆ ನೋಡಿದರೆ ವಿಮರ್ಶಕರ ಕೊರತೆ ಏಕಿದೆ ಎಂಬುದು ತಿಳಿಯುತ್ತದೆ.

ಖಾರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಉತ್ತರ ಕರ್ನಾಟಕದ ಊಟ ಎಂದರೆ ಖಾರ ಎಂದು ಹೊರಗಿನಿಂದ ಬಂದವರು ಬರೆದು ಬರೆದು, ಈಗ ನಮ್ಮ ಹುಡುಗರೂ ಕಣ್ಣೀರು ಸುರಿಸುವ ವಿಡಿಯೊ ಮಾಡಿ ಅದನ್ನೇ ಹೇಳುತ್ತಿದ್ದಾರೆ. ಶಾಸ್ತ್ರದ ಲೆಕ್ಕದಲ್ಲಿ ಖಾರ ರುಚಿಯೇ ಅಲ್ಲ, ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಿಯಲ್ಲಿ ಬಿಸಿಯನ್ನು ಗುರುತಿಸುವ ನರದ ಬಾಗಿಲನ್ನೇ ತಟ್ಟುತ್ತದೆ. ಆ ಬಾಗಿಲನ್ನು 1997ರಲ್ಲಿ ಪತ್ತೆ ಹಚ್ಚಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಕ್ಯಾಪ್ಸೈಸಿನ್ ನೀರಿಗೆ ಕರಗದು, ಜಿಡ್ಡಿಗೆ ಕರಗುತ್ತದೆ, ಹಾಲಿನ ಪ್ರೋಟೀನು ಅದನ್ನು ಎತ್ತಿಕೊಂಡು ಹೋಗುತ್ತದೆ. ಈಗ ನಮ್ಮ ತಾಟನ್ನು ನೋಡಿ. ಕೆಂಪು ಖಾರದ ಪಕ್ಕ ಮೊಸರು, ಹಿಂಡಿಗೆ ಶೇಂಗಾ ಎಣ್ಣೆ, ಕಡೆಗೆ ಮಜ್ಜಿಗೆ. ಈ ತಾಟು ಜೋಡಿಸಿದವರು ಯಾವ ಪ್ರಯೋಗಾಲಯಕ್ಕೂ ಹೋದವರಲ್ಲ. ಇನ್ನು ಕೆಂಪಗಿರುವುದೆಲ್ಲ ಖಾರವಲ್ಲ. ಬ್ಯಾಡಗಿ ಮೆಣಸಿನಕಾಯಿ ಕೊಡುವುದು ಬಣ್ಣವನ್ನು, ಉರಿ ಕಡಿಮೆ. ಗುಂಟೂರಿನದು ತದ್ವಿರುದ್ಧ. ಮಸಾಲಿ ಖಾರ ಕುಟ್ಟಿಸುವ ಮನೆಯಲ್ಲಿ ಇವೆರಡರ ಪಾಲು ಎಷ್ಟೆಷ್ಟು ಎಂಬುದು ಅತ್ತೆಯಿಂದ ಸೊಸೆಗೆ ಹೋಗುವ ಲೆಕ್ಕ. ಎಣ್ಣೆಗಾಯಿಯನ್ನು ‘ಖಾರವಾಗಿತ್ತು’ ಎಂದು ಬಿಡುವವರು ಓದುಗರಿಗೆ ಏನನ್ನೂ ಹೇಳಿದಂತಾಗಲಿಲ್ಲ. ಉರಿ ಬಾಯಿಯ ಮುಂದೆ ಹತ್ತಿತೋ ಗಂಟಲಲ್ಲಿ ನಿಂತಿತೋ, ಗುರೆಳ್ಳು ಹುರಿದ ಹದ ತಪ್ಪಿ ಕಹಿಯಾಯಿತೋ, ಶೇಂಗಾ ಕಮಟಾಗಿತ್ತೋ, ಅದನ್ನು ಹೇಳಿ.

ಒಂದೇ ಬಗೆಯ ಊಟದ ಮೇಲೆ ಬೆಳೆದ ನಾಲಗೆ ಒಂದೇ ಊರು ನೋಡಿದ ಕಣ್ಣಿನ ಹಾಗೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಮರಾಠಿಯ ಆಮಟಿ, ಶ್ರೀಖಂಡ, ಚಿವಡಾ ನಮ್ಮ ಮನೆಗಳಲ್ಲಿ ಪರಕೀಯವಲ್ಲ. ಮೊಹರಮ್ಮಿನ ಚೊಂಗೆಯನ್ನು ಹಿಂದೂ ಮನೆಗಳಲ್ಲೂ ಮಾಡುತ್ತಾರೆ. ಸಾವಜಿ ಖಾನಾವಳಿಯ ಮಟನ್ ಸಾರು, ಆಲಮಟ್ಟಿ ಹಿನ್ನೀರಿನ ಮೀನು, ಲಿಂಗಾಯತ ಖಾನಾವಳಿಯ ಮಡಕೆಕಾಳಿನ ಪಲ್ಯ, ಇವೆಲ್ಲ ಒಂದೇ ಸೀಮೆಯ ಊಟ. ಖಾನಾವಳಿಗಳ ಬೋರ್ಡಿನ ಮೇಲೇ ಜಾತಿ ಬರೆದಿರುವ ನಾಡಿನಲ್ಲಿ ವಿಮರ್ಶಕನಿಗೆ ಇದು ದೊಡ್ಡ ಪರೀಕ್ಷೆ. ಸಸ್ಯಾಹಾರಿಯಾದರೆ ತಪ್ಪಿಲ್ಲ. ಹಾಗೆಂದು ಬರಹದಲ್ಲಿ ಹೇಳಿ, ಮಾಂಸದೂಟದ ಬಗ್ಗೆ ತೀರ್ಪು ಕೊಡಬೇಡಿ. ಆದರೆ ಯಾರ ಮನೆಯಲ್ಲಿ ನೀರು ಕುಡಿಯಬೇಕು, ಯಾರ ಮನೆಯಲ್ಲಿ ಬಾರದು ಎಂಬ ಲೆಕ್ಕ ನಿಮ್ಮ ತಲೆಯಲ್ಲಿ ಇನ್ನೂ ಇದ್ದರೆ ಈ ಕೆಲಸ ನಿಮಗಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಗುರುತು ಸಿಕ್ಕ ಮೇಲೆ

ನ್ಯೂಯಾರ್ಕಿನ ವಿಮರ್ಶಕಿ ರೂತ್ ರೈಶಲ್ ವಿಗ್ಗು ಹಾಕಿ, ವೇಷ ಮರೆಸಿ ಹೋಟೆಲುಗಳಿಗೆ ಹೋಗುತ್ತಿದ್ದರಂತೆ. ಹೋಟೆಲುಗಳಿಗೆ ತಾರೆ ಕೊಡುವ ಮಿಷೆಲಿನ್ ಗೈಡಿನ ಪರೀಕ್ಷಕರ ಹೆಸರು ಹೊರಗೆ ಬರುವುದಿಲ್ಲ. ಬನಹಟ್ಟಿಯಲ್ಲಿ ನೀವು ಚಪ್ಪಲಿ ಬಿಡುವ ಮೊದಲೇ ‘ನೀ ಅವರ ಮಗ ಹೌದಲ್ಲೋ?’ ಎಂದು ಕೇಳುತ್ತಾರೆ. ನಿಮ್ಮ ತಾಟಿಗೆ ಎರಡು ಚಮಚ ತುಪ್ಪ ಹೆಚ್ಚು ಬೀಳುತ್ತದೆ, ಬಿಸಿ ರೊಟ್ಟಿ ಮೊದಲು ನಿಮಗೇ ಬರುತ್ತದೆ.

ಇದಕ್ಕೆ ವಿಗ್ಗು ಉತ್ತರವಲ್ಲ, ಪುನರಾವರ್ತನೆ ಉತ್ತರ. ಕನಿಷ್ಠ ಮೂರು ಸಲ ಹೋಗಿ: ಒಮ್ಮೆ ಮಧ್ಯಾಹ್ನದ ನೂಕುನುಗ್ಗಲಿನಲ್ಲಿ, ಒಮ್ಮೆ ಮೂರು ಗಂಟೆಗೆ ಪಲ್ಯ ತಳ ಕಂಡಾಗ, ಒಮ್ಮೆ ರಾತ್ರಿ. ನಿಮ್ಮ ತಾಟಿಗಿಂತ ಪಕ್ಕದವರ ತಾಟನ್ನು ಹೆಚ್ಚು ನೋಡಿ. ಗುರುತಿಲ್ಲದ ಗೆಳೆಯನ ಕೈಯಲ್ಲಿ ಪಾರ್ಸಲ್ ತರಿಸಿ. ಬಿಲ್ಲು ನೀವೇ ಕೊಡಿ. ‘ಇರಲಿ ಬಿಡ್ರಿ’ ಅಂದರೆ ಗಲ್ಲೆಯ ಮೇಲೆ ಇಟ್ಟು ಬನ್ನಿ. ಇದು ನಮ್ಮ ಸೀಮೆಯಲ್ಲಿ ಅತಿ ಕಷ್ಟದ ನಿಯಮ. ಉಪಚಾರ ಬೇಡವೆಂದರೆ ಜನ ನೊಂದುಕೊಳ್ಳುತ್ತಾರೆ. ಉಪಚಾರಕ್ಕೆಂದೇ ಬೇರೆ ದಿನ ಹೋಗಿ, ಆ ದಿನದ ಊಟದ ಬಗ್ಗೆ ಬರೆಯಬೇಡಿ.

ದುಡ್ಡು ಅಥವಾ ಬಿಟ್ಟಿ ಊಟ ಪಡೆದು ವಿಡಿಯೊ ಮಾಡುವುದು ವಿಮರ್ಶೆಯಲ್ಲ, ಜಾಹೀರಾತು. ಜಾಹೀರಾತು ಮಾಡುವುದೂ ಕಸುಬೇ, ಅದರಲ್ಲಿ ಅವಮಾನವಿಲ್ಲ. ಆದರೆ ಮುಚ್ಚಿಡುವಂತಿಲ್ಲ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಜಾಲತಾಣದ ಪ್ರಭಾವಿಗಳಿಗೆ (ಇನ್‌ಫ್ಲುಯೆನ್ಸರ್) ನಿಯಮ ತಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಇನ್ನೊಂದು ಬದಿಗೆ ಮಾನಹಾನಿ. ಹಳೆಯ ಐಪಿಸಿ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರ 356ನೇ ಕಲಮು ಇದಕ್ಕೆ ಸಂಬಂಧಿಸಿದ್ದು. ಎರಡು ವರ್ಷದವರೆಗೆ ಸಾದಾ ಸೆರೆವಾಸ, ದಂಡ ಅಥವಾ ಸಮುದಾಯ ಸೇವೆ. ‘ಸಾಂಬಾರು ಹುಳಿ ಹೆಚ್ಚಾಗಿತ್ತು’ ಎಂಬುದು ಅಭಿಪ್ರಾಯ. ‘ನಿನ್ನೆಯ ಹಳಸಿದ ಸಾಂಬಾರು ಬಡಿಸುತ್ತಾರೆ’ ಎಂಬುದು ಆರೋಪ, ಸಾಕ್ಷಿ ಬೇಕು. ಊಟದಲ್ಲಿ ನಿಜಕ್ಕೂ ಅಪಾಯದ ಸಂಗತಿ ಕಂಡರೆ ಲೇಖನ ಬರೆಯುತ್ತ ಕೂರಬೇಡಿ. ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಹೋಟೆಲಿನಲ್ಲಿ ಪ್ರದರ್ಶಿಸಿರಬೇಕಾದ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಯ ಸಂಖ್ಯೆ ಬರೆದುಕೊಳ್ಳಿ.

ಮತ್ತು ಇದು ಕಾಯ್ದೆಯಲ್ಲಿಲ್ಲದ ನಿಯಮ: ನಾಲ್ಕು ಮೇಜಿನ ಖಾನಾವಳಿ ಕೆಟ್ಟದಾಗಿದ್ದರೆ ಅದರ ಬಗ್ಗೆ ಬರೆಯಲೇಬೇಡಿ. ಗಂಡ ತೀರಿದ ಮೇಲೆ ರೊಟ್ಟಿ ಬಡಿದು ಮಕ್ಕಳನ್ನು ಓದಿಸುತ್ತಿರುವ ಹೆಂಗಸಿನ ಅಂಗಡಿಯನ್ನು ಒಂದು ವಿಡಿಯೊ ಮುಚ್ಚಿಸಬಲ್ಲದು. ತಪ್ಪಿದ್ದರೆ ಅವರಿಗೇ ಹೇಳಿ, ಒಳಗೆ ಹೋಗಿ, ಮೆಲ್ಲಗೆ. ಬೈಪಾಸಿನ ದೊಡ್ಡ ಏಸಿ ಹೋಟೆಲು ‘ಅಥೆಂಟಿಕ್ ನಾರ್ತ್ ಕರ್ನಾಟಕ ಥಾಲಿ’ ಎಂದು ಬೋರ್ಡು ಹಾಕಿ, ಮೆತ್ತಗಾದ ಖಡಕ್ ರೊಟ್ಟಿ ಕೊಟ್ಟರೆ ಆಗ ಎಂಟೆದೆ ತೋರಿಸಿ. ಅನ್ನಕ್ಕೆ ಹೆಸರಿಡಬಾರದು ಎಂದ ಹಿರಿಯರು ತಪ್ಪು ಹೇಳಿಲ್ಲ. ಹೆಸರಿಡಬೇಕಾದದ್ದು ಅನ್ನಕ್ಕಲ್ಲ, ಅನ್ನದ ಹೆಸರಿನಲ್ಲಿ ನಡೆಯುವ ಅಸಡ್ಡೆಗೆ.

ಹಿಂಡಿ ಅಂದರೆ ದನದ ಹಿಂಡಿ ಅಲ್ಲ

ಕಡೆಯ ಅರ್ಹತೆ ಮಾತು. ಒಮ್ಮೆ ‘ಶೇಂಗಾ ಹಿಂಡಿ’ ಎಂದು ಬರೆದು ಕಳಿಸಿದ್ದನ್ನು ಪತ್ರಿಕೆಯೊಂದರ ಮೇಜಿನ ಮೇಲೆ ಯಾರೋ ‘ಕಡಲೆಕಾಯಿ ಚಟ್ನಿಪುಡಿ’ ಮಾಡಿದ್ದರು. ಹಳೆ ಮೈಸೂರಿನವರಿಗೆ ಹಿಂಡಿ ಅಂದರೆ ದನಕ್ಕೆ ಹಾಕುವುದು, ಪಾಪ. ಆದರೆ ಒರಳಿನಲ್ಲಿ ಕುಟ್ಟುವಾಗ ಶೇಂಗಾ ತನ್ನ ಎಣ್ಣೆ ಬಿಟ್ಟು ಹಿಂಡಿದಂತೆ ಮುದ್ದೆಯಾಗುತ್ತದೆ. ಮಿಕ್ಸರಿನ ಪುಡಿ ಹಾಗಾಗುವುದಿಲ್ಲ. ಪುಡಿ ಎಂದೊಡನೆ ಅರ್ಧ ರುಚಿ ಉದುರಿತು. ಹದ, ಕಮಟು, ಒಗರು, ಖಮಂಗ, ಜಿಗುಟು, ಬಿರುಸು: ಇಷ್ಟು ಮಾತುಗಳು ನಮ್ಮ ಅಡುಗೆಮನೆಯಲ್ಲಿ ಬಿದ್ದಿವೆ. ‘ಬಾಯಲ್ಲಿ ನೀರೂರಿಸುವ’, ‘ಬೆರಳು ಚೀಪುವ’, ‘ಅದ್ಭುತ’ ಎಂಬ ಮೂರನ್ನು ಒಂದು ವರ್ಷ ಬಳಸುವುದಿಲ್ಲವೆಂದು ಆಣೆ ಮಾಡಿ. ಬರವಣಿಗೆ ತಾನಾಗಿ ಸುಧಾರಿಸುತ್ತದೆ.

ಗೋಲ್ಡ್ ಇಪ್ಪತ್ತರ ಹರೆಯದಲ್ಲಿ ಒಂದು ಪಣ ತೊಟ್ಟಿದ್ದ: ಲಾಸ್ ಏಂಜಲೀಸಿನ ಪೀಕೊ ರಸ್ತೆಯ ಈ ತುದಿಯಿಂದ ಆ ತುದಿವರೆಗೆ ಇರುವ ಎಲ್ಲ ಹೋಟೆಲುಗಳಲ್ಲಿ ಉಣ್ಣುವುದು. ನಿಮಗೆ ಜಮಖಂಡಿ-ಮುಧೋಳ ರಸ್ತೆ ಇದೆ, ಬನಹಟ್ಟಿಯಿಂದ ಮಹಾಲಿಂಗಪುರದ ರಸ್ತೆ ಇದೆ. ಒಂದನ್ನು ಆರಿಸಿ, ವರ್ಷವಿಡೀ ಉಂಡು, ಒಂದು ನೋಟುಬುಕ್ಕು ತುಂಬಿಸಿ. ದಿನಾಂಕ, ದರ, ಕಾಳು ಎಲ್ಲಿಯದು, ಒಲೆ ಕಟ್ಟಿಗೆಯದೋ ಗ್ಯಾಸಿನದೋ, ಬಡಿದವರು ಯಾರು. ವರ್ಷ ಅಂದದ್ದಕ್ಕೆ ಕಾರಣವಿದೆ. ಪಂಚಮಿಯ ಉಂಡಿ, ಎಳ್ಳ ಅಮಾವಾಸ್ಯೆಯ ಚರಗದ ಬುತ್ತಿ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹೊಲದಲ್ಲೇ ಸುಟ್ಟು ತಿನ್ನುವ ಎಳೆಜೋಳದ ಸೀತನಿ, ಇವು ಮೆನು ಕಾರ್ಡಿನಲ್ಲಿ ಸಿಗುವುದಿಲ್ಲ. ಆಯಾ ವಾರ ತಪ್ಪಿದರೆ ಮುಂದಿನ ವರ್ಷವೇ.

ಮೊದಲ ಬರಹ ಆರುನೂರು ಪದ ದಾಟದಿರಲಿ. ವಿಷಯ ಬೆಲ್ಲವಾದರೆ ಒಳ್ಳೆಯದು, ಏಕೆಂದರೆ ಬೆಲ್ಲಕ್ಕೆ ಹೆಸರಾದ ಮಹಾಲಿಂಗಪುರದ ಪೇಟೆ ನಿಮ್ಮ ಮನೆಬಾಗಿಲಲ್ಲಿದೆ. ಬಂಗಾರದಂತೆ ಹೊಳೆಯುವ ಪೆಂಟಿಗೆ ಹೆಚ್ಚು ದರ ಸಿಗುತ್ತದೆ ಎಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಿಳುಪಾಗಿಸುವುದುಂಟು. ಬೆಂಡೆ ಗಿಡದ ಲೋಳೆಯಿಂದ ಹೊಲಸು ತೆಗೆದ ಬೆಲ್ಲ ಕಂದಾಗಿ, ಕೊಂಚ ಉಪ್ಪುಪ್ಪಾಗಿ ಇರುತ್ತದೆ. ಎರಡನ್ನೂ ತಿಂದು, ಗಾಣದವರನ್ನು ಮಾತಾಡಿಸಿ, ಯಾವುದು ಏಕೆ ಎಂದು ಬರೆಯಿರಿ. ಗಾಣಗಳು ದೀಪಾವಳಿಯ ಆಸುಪಾಸಿಗೆ ಹೊತ್ತುತ್ತವೆ. ನಸುಕಿನಲ್ಲೇ ಹೋಗಿ. ಕೊಪ್ಪರಿಗೆ ಇಳಿಸುವ ಮೊದಲು ಬಿಸಿ ಕಾಕಂಬಿ ಕೊಡುತ್ತಾರೆ, ಇಸಿದುಕೊಳ್ಳಲು ಸ್ಟೀಲ್ ಡಬ್ಬಿ ಒಯ್ಯಿರಿ. ಪ್ಲಾಸ್ಟಿಕ್ಕು ಕರಗಿಬಿಡುತ್ತದೆ.